ತಿಂಗಳ ಕೊನೆಯ ಪ್ರೊವಿಷನ್ ತಾನಾಗೇ ರಿವರ್ಸ್ ಆಗಬೇಕಾದರೆ

ನವೆಂಬರ್ ತಿಂಗಳ ಕರೆಂಟ್ ಬಿಲ್ ಕೈಗೆ ಬರುವುದು ಡಿಸೆಂಬರ್ 12ಕ್ಕೆ. ಖರ್ಚು ಮಾತ್ರ ನವೆಂಬರ್ ಲೆಕ್ಕಕ್ಕೇ ಸೇರಬೇಕು. ಹಾಗಾಗಿ ನವೆಂಬರ್ 30ಕ್ಕೆ ಅಂದಾಜಿನ ಮೇಲೆ ಒಂದು ಜರ್ನಲ್ ಎಂಟ್ರಿ ಹಾಕುತ್ತೇವೆ, ಇದೇ ಪ್ರೊವಿಷನ್: ಕರೆಂಟ್ ಖರ್ಚು ಡೆಬಿಟ್ 18,000, ಪೇಯಬಲ್ ಲೆಡ್ಜರ್ (ಕೊಡಬೇಕಾದ ಬಾಕಿಯ ಖಾತೆ) ಕ್ರೆಡಿಟ್ 18,000. ಡಿಸೆಂಬರ್ 1ಕ್ಕೆ ಇದೇ ಎಂಟ್ರಿ ಉಲ್ಟಾ, ಅಂದರೆ ರಿವರ್ಸ್, ಆಗಬೇಕು. ಆಮೇಲೆ 18,640ರ ಬಿಲ್ ಬಂದಾಗ ಪೂರ್ತಿ ಮೊತ್ತಕ್ಕೆ ಮಾಮೂಲಿನಂತೆ ಎಂಟ್ರಿ ಮಾಡಿದರಾಯಿತು. ಈ ಬಿಲ್ಲಿನಿಂದ ಡಿಸೆಂಬರ್ ಖರ್ಚಿನಲ್ಲಿ ಉಳಿಯುವುದು ವ್ಯತ್ಯಾಸದ 640 ಮಾತ್ರ. ಬಿಲ್ ಎಂಟ್ರಿ ಮಾಡುವವರಿಗೆ ಪ್ರೊವಿಷನ್ ಇತ್ತೋ ಇಲ್ಲವೋ ಅನ್ನೋ ತಲೆನೋವೇ ಬೇಡ. ನನಗೆ ಇದು ಇಷ್ಟವಾಗುವುದೇ ಅದಕ್ಕೆ.

ಸೆಟಪ್ ಏನೂ ಕಷ್ಟವಿಲ್ಲ. ಝೀರೋ (Xero) ಎಂಬ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಮ್ಯಾನುಯಲ್ ಜರ್ನಲ್ ತೆರೆದರೆ ತಾರೀಖಿನ ಪಕ್ಕದಲ್ಲೇ ಆಟೋ ರಿವರ್ಸಿಂಗ್ ಡೇಟ್ ಎಂಬ ಜಾಗ ಇರುತ್ತದೆ. ಅಲ್ಲಿ ಮುಂದಿನ ತಿಂಗಳ 1ನೇ ತಾರೀಖು ಹಾಕಿ. ಇನ್ನೊಂದು ಸಾಫ್ಟ್‌ವೇರ್ ಕ್ವಿಕ್‌ಬುಕ್ಸ್ ಆನ್‌ಲೈನ್‌ನಲ್ಲಿ ಮೊದಲು ಎಂಟ್ರಿ ಸೇವ್ ಮಾಡಬೇಕು, ಆಮೇಲೆ ರಿವರ್ಸ್ ಒತ್ತಬೇಕು. ಅದು ಮುಂದಿನ ತಿಂಗಳ 1ನೇ ತಾರೀಖಿಗೆ ಉಲ್ಟಾ ಎಂಟ್ರಿ ಮಾಡಿ, ನಂಬರಿಗೆ 'ಆರ್' ಅಕ್ಷರ ಸೇರಿಸುತ್ತದೆ.

ಟ್ಯಾಲಿ ಬಳಸುವವರು ಇಲ್ಲಿ ಸ್ವಲ್ಪ ನಿಂತು ಓದಿ. ಅದರಲ್ಲಿ 'ರಿವರ್ಸಿಂಗ್ ಜರ್ನಲ್' ಅಂತಲೇ ಒಂದು ವೋಚರ್ ಇದೆ. ಹೆಸರು ನೋಡಿ ಇದೇ ಅಂದುಕೊಳ್ಳುವವರು ಜಾಸ್ತಿ. ಆದರೆ ಅದು ಖಾತೆಗೆ ಪೋಸ್ಟ್ ಆಗುವುದೇ ಇಲ್ಲ. ಸಿನಾರಿಯೊ (ತಾತ್ಕಾಲಿಕ ಎಂಟ್ರಿಗಳನ್ನೂ ಸೇರಿಸಿ ನೋಡುವ ವ್ಯವಸ್ಥೆ) ಮಾಡಿಕೊಂಡು ರಿಪೋರ್ಟ್ ನೋಡಿದರೆ ಮಾತ್ರ, ಅದೂ ನೀವು ಕೊಟ್ಟ ತಾರೀಖಿನವರೆಗೆ ಮಾತ್ರ, ಕಾಣಿಸುತ್ತದೆ. ತಿಂಗಳ ಮಧ್ಯೆ ಲಾಭ ಎಷ್ಟಿರಬಹುದು ಅಂತ ಸುಮ್ನೆ ನೋಡಲು ಚೆನ್ನಾಗಿದೆ. ಲೆಕ್ಕದಲ್ಲಿ ನಿಲ್ಲಬೇಕಾದ ಪ್ರೊವಿಷನ್ನಿಗೆ ಮಾಮೂಲಿ ಜರ್ನಲ್ಲೇ ಹಾಕಿ, 1ನೇ ತಾರೀಖಿಗೆ ಉಲ್ಟಾ ಜರ್ನಲ್ ನೀವೇ ಹಾಕಬೇಕು.

ಯಾವ ಸಾಫ್ಟ್‌ವೇರ್ ಆದರೂ ಎಂಟ್ರಿ ಹಾಕುವಾಗ ಟ್ಯಾಕ್ಸ್ ಕೋಡ್ ಸೇರಿಸಬೇಡಿ. ಇದು ಅಂದಾಜು, ಟ್ಯಾಕ್ಸ್ ಲೆಕ್ಕ ಅಸಲಿ ಬಿಲ್ ಬಂದಾಗ. ನರೇಷನ್‌ನಲ್ಲಿ ಬರೀ 'ಪ್ರೊವಿಷನ್' ಅಂತ ಬರೆದರೆ ಆರು ತಿಂಗಳ ನಂತರ ಬರೆದವರಿಗೇ ಅರ್ಥವಾಗುವುದಿಲ್ಲ. ನಾನು 'ಕರೆಂಟ್, ನವೆಂಬರ್ ಅಂದಾಜು, ಡಿ.1ಕ್ಕೆ ರಿವರ್ಸ್' ಅಂತ ಪೂರ್ತಿ ಬರೆಯುತ್ತೇನೆ.

ಎಲ್ಲವನ್ನೂ ರಿವರ್ಸ್ ಮಾಡಲು ಹೋಗಬೇಡಿ. ಬಾಕಿ ಸಂಬಳ, ಬಾರದ ಬಿಲ್, ಬಡ್ಡಿ ಇವಕ್ಕೆ ಸರಿ. ಡಿಪ್ರಿಸಿಯೇಷನ್ ಎಂಟ್ರಿ ರಿವರ್ಸ್ ಆದರೆ ಸವಕಳಿಯೇ ಮಾಯ! ಮುಂಗಡ ಕಟ್ಟಿದ ಇನ್ಶೂರೆನ್ಸ್‌ನ ತಿಂಗಳ ಪಾಲೂ ಹಾಗೆಯೇ, ಮುಟ್ಟಬೇಡಿ.

ಡಿಸೆಂಬರ್ 1ಕ್ಕೆ ಕರೆಂಟ್ ಖರ್ಚಿನ ಲೆಡ್ಜರ್ ತೆರೆದರೆ ಆ ತಿಂಗಳಿಗೆ ಮೈನಸ್ 18,000 ಕಾಣುತ್ತದೆ. ಹೊಸಬರು ಗಾಬರಿಯಾಗಿ ಅದನ್ನು ಅಳಿಸಿಬಿಡುತ್ತಾರೆ. ಬಿಲ್ ಬರುವವರೆಗೆ ಅದು ಹಾಗೇ ಇರಬೇಕು. ಆಗ ನೋಡಬೇಕಾದದ್ದು ಪೇಯಬಲ್ ಲೆಡ್ಜರನ್ನು. ಈ ಪ್ರೊವಿಷನ್ ಮಟ್ಟಿಗೆ ಅಲ್ಲಿ ಸೊನ್ನೆ ಬಂದಿರಬೇಕು. ಬರದಿದ್ದರೆ ರಿವರ್ಸಲ್ ಡ್ರಾಫ್ಟ್‌ನಲ್ಲೇ ಕೂತಿದೆಯೋ, ಹೊಸ ತಿಂಗಳ ಪೀರಿಯಡ್ ತೆರೆದಿಲ್ಲವೋ ನೋಡಿ.

ಬಿಲ್ ಡಿಸೆಂಬರ್ ಪೂರ್ತಿ ಬರಲೇ ಇಲ್ಲ ಅನ್ನಿ. ಆಗ ಡಿಸೆಂಬರ್ 31ಕ್ಕೆ ಬರೀ 18,000 ಪ್ರೊವಿಷನ್ ಮಾಡಿದರೆ ಮೈನಸ್ ಜೊತೆ ಸೇರಿ ಖರ್ಚು ಸೊನ್ನೆಯಾಗುತ್ತದೆ, ಅಲ್ವಾ? ಎರಡು ತಿಂಗಳದ್ದೂ ಸೇರಿಸಿ 36,000 ಹಾಕಿ, ಜನವರಿ 1ಕ್ಕೆ ರಿವರ್ಸ್ ಕೊಡಿ. ಡಿಸೆಂಬರ್‌ಗೆ ಸರಿಯಾಗಿ 18,000 ನಿಲ್ಲುತ್ತದೆ.