ಮೂಳೆ ಗಟ್ಟಿಯಾಗಬೇಕಾದರೆ ಭಾರ ಎತ್ತಲು ಕಲಿಯಿರಿ

ಮೂಳೆಯ ಸಾಂದ್ರತೆ ಕಡಿಮೆಯಾಗಿದೆ ಎಂಬ ವರದಿ ಕೈಗೆ ಬಂದ ಮರುದಿನ ನಮ್ಮ ಕಡೆಯ ಮನೆಗಳಲ್ಲಿ ಎರಡು ಬದಲಾವಣೆಗಳಾಗುತ್ತವೆ. ಡೈರಿಯಿಂದ ತರುವ ಹಾಲು ಅರ್ಧ ಲೀಟರ್ ಹೆಚ್ಚುತ್ತದೆ. ಅಮ್ಮನೋ ಅತ್ತೆಯೋ ಬೆಳಗ್ಗೆ ಎದ್ದು ರಸ್ತೆಯಲ್ಲಿ ನಡೆಯಲು ಹೊರಡುತ್ತಾರೆ. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಸುತ್ತಮುತ್ತ ಮನೆಗಳಿಗೆ ಹೋಗಿ ವ್ಯಾಯಾಮ ಕಲಿಸುವ ಫಿಸಿಯೋಥೆರಪಿಸ್ಟ್ ನಾನು. ಅದೇ ಮನೆಯವರು ಎರಡು ವರ್ಷದ ಬಳಿಕ ಮತ್ತೆ ಸ್ಕ್ಯಾನ್ ಮಾಡಿಸಿ, ಅಂಕಿ ಇನ್ನಷ್ಟು ಕೆಳಗಿಳಿದಿದೆ ಎಂದು ಕಂಗಾಲಾಗುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಹಾಲು ಬೇಕು, ನಡಿಗೆ ಹೃದಯಕ್ಕೆ ಒಳ್ಳೆಯದು. ಆದರೆ ಮೂಳೆ ಕಟ್ಟುವ ಜೀವಕೋಶಗಳು ಚುರುಕಾಗುವುದು ಮೂಳೆಯ ಮೇಲೆ ಅದಕ್ಕೆ ಅಭ್ಯಾಸವಿಲ್ಲದಷ್ಟು ಭಾರ ಬಿದ್ದಾಗ. ಆ ಭಾಗವನ್ನೇ ಎಲ್ಲರೂ ಬಿಡುತ್ತಾರೆ, ಇಲ್ಲವೇ ತಪ್ಪಾಗಿ ಮಾಡಿ ಬೆನ್ನು ನೋಯಿಸಿಕೊಳ್ಳುತ್ತಾರೆ.

ಔಷಧ ಬೇಡ, ಊಟ ವ್ಯಾಯಾಮದಲ್ಲೇ ಸರಿಪಡಿಸಿಕೊಳ್ಳುತ್ತೇನೆ ಎನ್ನುವವರು ಮೊದಲು ಇದನ್ನು ಓದಬೇಕು. ಸೊಂಟದ ಅಥವಾ ಬೆನ್ನಿನ ಮೂಳೆ ಈಗಾಗಲೇ ಮುರಿದಿದ್ದರೆ, ಸಣ್ಣ ಪೆಟ್ಟಿಗೇ ಮಣಿಕಟ್ಟು ಮುರಿದಿದ್ದರೆ, ಯೌವನದ ಎತ್ತರಕ್ಕಿಂತ 4 ಸೆಂಟಿಮೀಟರ್‌ಗೂ ಹೆಚ್ಚು ಕುಗ್ಗಿದ್ದರೆ ವೈದ್ಯರು ಬರೆದ ಔಷಧವನ್ನು ಬಿಡಬೇಡಿ. ಇಲ್ಲಿ ಹೇಳುವುದನ್ನು ಅದರ ಜತೆಗೆ, ಅವರ ಒಪ್ಪಿಗೆ ಪಡೆದು ಮಾಡಿ. ಮೂಳೆ ಕರಗುವುದನ್ನು ತಡೆಯಲು ಆರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಡೆನೋಸುಮಾಬ್ ಚುಚ್ಚುಮದ್ದನ್ನಂತೂ ನಿಮ್ಮಷ್ಟಕ್ಕೆ ನಿಲ್ಲಿಸಲೇಕೂಡದು. ನಿಲ್ಲಿಸಿದ ಕೆಲವೇ ತಿಂಗಳಲ್ಲಿ ಮೂಳೆ ವೇಗವಾಗಿ ಕರಗಿ ಬೆನ್ನುಮೂಳೆಯ ಮಣಿಗಳು ಒಂದರ ಹಿಂದೊಂದು ಕುಸಿಯುವ ಅಪಾಯವಿದೆ.

ಹಂತ 1: ಸರಿಯಾದ ಅಳತೆ

ಬೇಕಾದದ್ದು ಡೆಕ್ಸಾ ಸ್ಕ್ಯಾನ್, ಅಂದರೆ ಮೂಳೆಯ ಸಾಂದ್ರತೆ ಅಳೆಯುವ ಎಕ್ಸ್‌ರೇ. ಸೊಂಟ ಮತ್ತು ಕೆಳಬೆನ್ನು, ಎರಡೂ ಕಡೆ ಅಳೆಯಬೇಕು. ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿದ ಅಂಕಿ) ಮೈನಸ್ 1 ಅಥವಾ ಅದಕ್ಕಿಂತ ಮೇಲಿದ್ದರೆ ಸರಿ; ಮೈನಸ್ 1 ಮತ್ತು ಮೈನಸ್ 2.5ರ ನಡುವೆ ಇದ್ದರೆ ಸಾಂದ್ರತೆ ಕಡಿಮೆ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗಿ ಸುಲಭವಾಗಿ ಮುರಿಯುವ ರೋಗ. ಸಭಾಭವನಗಳಲ್ಲಿ ಉಚಿತ ಶಿಬಿರ ನಡೆಸಿ, ಹಿಮ್ಮಡಿಯನ್ನು ಯಂತ್ರದೊಳಗೆ ಇಡಿಸಿ, ಚೀಟಿಯ ಜತೆಗೆ ಒಂದು ಪುಡಿಯ ಡಬ್ಬಿಯನ್ನೂ ಮಾರುವವರಿದ್ದಾರೆ. ಹಿಮ್ಮಡಿಯ ಅಲ್ಟ್ರಾಸೌಂಡ್ ಅಂಕಿಯಿಂದ ರೋಗ ನಿರ್ಣಯಿಸುವಂತಿಲ್ಲ, ಸುಧಾರಣೆಯನ್ನು ಅಳೆಯುವಂತೆಯೂ ಇಲ್ಲ. ಆ ಡಬ್ಬಿಯ ದುಡ್ಡಿನಲ್ಲಿ ಮಂಗಳೂರಿನ ಬಸ್ಸು ಹತ್ತಿ ಡೆಕ್ಸಾ ಮಾಡಿಸಿ.

ಹಂತ 2: ಸೋರಿಕೆ ಎಲ್ಲಿದೆ ಎಂದು ಹುಡುಕಿ

ಥೈರಾಯ್ಡ್, ಪ್ಯಾರಾಥೈರಾಯ್ಡ್ (ಕ್ಯಾಲ್ಸಿಯಂ ಮಟ್ಟ ಕಾಯುವ ಕುತ್ತಿಗೆಯ ಗ್ರಂಥಿ), ಮೂತ್ರಪಿಂಡದ ತೊಂದರೆ ಇದ್ದರೆ ಎಷ್ಟು ರಾಗಿ ತಿಂದರೂ ಮೂಳೆ ಕರಗುತ್ತಲೇ ಇರುತ್ತದೆ. ಇವುಗಳ ರಕ್ತಪರೀಕ್ಷೆಯ ಜತೆಗೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಮಟ್ಟವನ್ನೂ ನೋಡಿಸಿ. ನೀವು ನುಂಗುವ ಮಾತ್ರೆಗಳೆಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮುಂದೆ ಸುರಿಯಿರಿ. ಉಬ್ಬಸಕ್ಕೋ ಸಂಧಿವಾತಕ್ಕೋ ದೀರ್ಘಕಾಲ ತೆಗೆದುಕೊಂಡ ಸ್ಟೀರಾಯ್ಡ್ ಮಾತ್ರೆ ಮೂಳೆಗೆ ದೊಡ್ಡ ಶತ್ರು. ವರ್ಷಗಟ್ಟಲೆ ಖಾಲಿ ಹೊಟ್ಟೆಗೆ ನುಂಗುವ ಗ್ಯಾಸಿನ ಮಾತ್ರೆ ನಿಜಕ್ಕೂ ಬೇಕೇ ಎಂದು ಕೇಳಿ. ಗಂಟುನೋವಿಗೆಂದು ಪದಾರ್ಥಗಳ ಪಟ್ಟಿಯೇ ಇಲ್ಲದ ಪೊಟ್ಟಣದಲ್ಲಿ ಸಿಗುವ ಗುಳಿಗೆಗಳನ್ನೂ ವೈದ್ಯರಿಗೆ ತೋರಿಸಿ, ಅವರು ಹೇಳಿದ ಹಾಗೆ ಬಿಡಿ. ಇಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಪರೀಕ್ಷೆಗಳಲ್ಲಿ ಪತ್ತೆಯಾದದ್ದುಂಟು.

ಹಂತ 3: ತಟ್ಟೆ

ಮುಟ್ಟು ನಿಂತ ಮಹಿಳೆಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, ಉಳಿದ ಹೆಚ್ಚಿನ ವಯಸ್ಕರಿಗೆ 1000. ಇದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು. ಹಾಲು, ಮೊಸರು, ಮಜ್ಜಿಗೆ ಸೇರಿ ಎರಡು ದೊಡ್ಡ ಲೋಟದಲ್ಲಿ ಸುಮಾರು 480 ಮಿಲಿಗ್ರಾಂ ಸಿಗುತ್ತದೆ. ಮಜ್ಜಿಗೆಗೆ ಸೇರಿಸುವ ನೀರನ್ನು ಲೆಕ್ಕದಿಂದ ಕಳೆಯಲು ಮರೆಯಬೇಡಿ. ಐವತ್ತು ಗ್ರಾಂ ರಾಗಿಹಿಟ್ಟಿನ ಮಣ್ಣಿ ಅಥವಾ ದೋಸೆಯಿಂದ 175ರ ಆಸುಪಾಸು, ಒಂದು ದೊಡ್ಡ ಚಮಚ ಎಳ್ಳಿನಿಂದ 120ರಷ್ಟು ಬರುತ್ತದೆ. ಎಳ್ಳನ್ನು ಹುರಿದು ಪುಡಿ ಮಾಡಿಯೇ ತಿನ್ನಿ, ಇಡಿಯಾಗಿ ತಿಂದರೆ ಬಹುಪಾಲು ಜೀರ್ಣವಾಗದೆ ಹೊರಹೋಗುತ್ತದೆ. ಉಳಿದದ್ದಕ್ಕೆ ನುಗ್ಗೆಸೊಪ್ಪು, ಹುರುಳಿ. ಮೀನು ತಿನ್ನುವವರಿಗೆ ಮುಳ್ಳು ಸಮೇತ ಅಗಿಯಬಹುದಾದ ಸಣ್ಣ ಬೂತಾಯಿ, ನತ್ತೋಲಿಗಳಿಗಿಂತ ಒಳ್ಳೆಯದು ಇನ್ನೊಂದಿಲ್ಲ. ಬಸಳೆ, ಹರಿವೆ, ಪತ್ರೊಡೆಯ ಕೆಸುವಿನ ಎಲೆಯನ್ನು ಧಾರಾಳವಾಗಿ ತಿನ್ನಿ, ಆದರೆ ಕ್ಯಾಲ್ಸಿಯಂ ಲೆಕ್ಕಕ್ಕೆ ಹಿಡಿಯಬೇಡಿ; ಅವುಗಳಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ರಕ್ತಕ್ಕೆ ಸೇರಲು ಬಿಡುವುದಿಲ್ಲ.

ನನಗೆ ಹೆಚ್ಚು ಚಿಂತೆಯಾಗುವುದು ಪ್ರೋಟೀನ್ ವಿಷಯದಲ್ಲಿ. ಮಕ್ಕಳು ಊರಲ್ಲಿಲ್ಲದ ಮನೆಗಳಲ್ಲಿ ಹಿರಿಯರ ರಾತ್ರಿಯ ಊಟವೆಂದರೆ ಕುಚ್ಚಿಲಕ್ಕಿ ಗಂಜಿ, ಉಪ್ಪಿನಕಾಯಿ, ಹೆಚ್ಚೆಂದರೆ ಒಂದು ಹಪ್ಪಳ. ಇದರಲ್ಲಿ ಪ್ರೋಟೀನ್ ತೀರಾ ಕಡಿಮೆ. ಉಪ್ಪು ಹೆಚ್ಚಾದಷ್ಟೂ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು ಹೋಗುತ್ತದೆ. ಮೂಳೆಯ ಚೌಕಟ್ಟು ಪ್ರೋಟೀನಿನದು. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಬೇಕು (ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿ). ಗಂಜಿ ಬಿಡಬೇಕಾಗಿಲ್ಲ. ಅದರ ಜತೆಗೆ ಒಂದು ಬಟ್ಟಲು ಮೊಳಕೆ ಬರಿಸಿದ ಹೆಸರುಕಾಳಿನ ಪಲ್ಯ ಅಥವಾ ಗಟ್ಟಿ ಹುರುಳಿ ಸಾರು, ಒಂದು ಮೊಟ್ಟೆ ಅಥವಾ ಒಂದು ಬಟ್ಟಲು ಮೊಸರು ಇರಲೇಬೇಕು.

ಊಟದಲ್ಲಿ ಕಡಿಮೆ ಬಿದ್ದಷ್ಟನ್ನು ಮಾತ್ರ ಮಾತ್ರೆಯಿಂದ ತುಂಬಿಸಿ. ಒಂದು ಸಲಕ್ಕೆ 500 ಮಿಲಿಗ್ರಾಂ ಮೀರಬಾರದು. ಕ್ಯಾಲ್ಸಿಯಂ ಕಾರ್ಬೊನೇಟ್ ಆದರೆ ಊಟದ ಜತೆಗೆ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ, ಕಬ್ಬಿಣದ ಮಾತ್ರೆಯನ್ನೂ ಬೇರೆ ಹೊತ್ತಿಗೆ ನುಂಗಿ. ಟಿವಿಯಲ್ಲಿ ಮೂಳೆಯ ಹೆಸರು ಹೇಳಿ ಮಾರುವ ಸಕ್ಕರೆ ತುಂಬಿದ ಪಾನೀಯದ ಪುಡಿಗಳನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ.

ಹಂತ 4: ಬಿಸಿಲು

ಎಳೆಬಿಸಿಲು ಹಿತವಾಗಿರುತ್ತದೆ, ಆದರೆ ವಿಟಮಿನ್ ಡಿ ತಯಾರಾಗುವುದು ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡದಾಗಿರುವ ಹೊತ್ತಿನಲ್ಲಿ. ಹನ್ನೊಂದರ ಬಳಿಕ ತಲೆಗೆ ಬಟ್ಟೆ ಹಾಕಿಕೊಂಡು, ತೋಳು ಕಾಲುಗಳಿಗೆ 20 ನಿಮಿಷ ಬಿಸಿಲು ಬೀಳಲಿ. ಕಿಟಕಿಯ ಗಾಜಿನ ಹಿಂದೆ ಕೂತರೆ ಪ್ರಯೋಜನವಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಿಸಿಲೇ ಅಪರೂಪವಾದ್ದರಿಂದ ಮಾತ್ರೆ ಬೇಕಾಗಬಹುದು. 60,000 ಐಯುನ (ವಿಟಮಿನ್ ಅಳೆಯುವ ಮಾನ) ವಿಟಮಿನ್ ಡಿ ಪೊಟ್ಟಣವನ್ನು ವಾರಕ್ಕೊಂದು ಎಂದು ಬರೆದುಕೊಟ್ಟರೆ ವಾರಕ್ಕೊಂದೇ. ದಿನಕ್ಕೊಂದರಂತೆ ತೆಗೆದುಕೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಮಿತಿಮೀರಿ ಮೂತ್ರಪಿಂಡಕ್ಕೇ ಪೆಟ್ಟು ಬೀಳುತ್ತದೆ.

ಹಂತ 5: ಭಾರ

“ದಿನವಿಡೀ ದುಡಿಯುತ್ತೇವಲ್ಲ ಡಾಕ್ಟರೇ, ಮತ್ತೆ ವ್ಯಾಯಾಮ ಏಕೆ?” ಎಂದು ಅಡಿಕೆ ತೋಟದ ಮನೆಯ ಹೆಂಗಸರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಆ ದುಡಿಮೆಯನ್ನು ಹತ್ತಿರದಿಂದ ನೋಡಿ. ಹಿಡಿಸೂಡಿ ಹಿಡಿದು ಅಂಗಳ ಗುಡಿಸುವಾಗ, ತೋಟದಲ್ಲಿ ಉದುರಿದ ಅಡಿಕೆ ಹೆಕ್ಕುವಾಗ ಬೆನ್ನು ಬಿಲ್ಲಿನಂತೆ ಮುಂದಕ್ಕೆ ಬಾಗಿರುತ್ತದೆ, ಕೈಯಲ್ಲಿ ಭಾರವೇ ಇರುವುದಿಲ್ಲ. ಮೂಳೆ ಬೆಳೆಸುವ ಭಾರ ಅಲ್ಲಿಲ್ಲ. ಟೊಳ್ಳಾದ ಬೆನ್ನುಮಣಿಗಳ ಮುಂಭಾಗವನ್ನು ಜಜ್ಜುವ ಒತ್ತಡ ಮಾತ್ರ ಇದೆ. 1984ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, ಮುಂದಕ್ಕೆ ಬಾಗುವ ವ್ಯಾಯಾಮ ಮಾಡಿದ ಆಸ್ಟಿಯೋಪೊರೋಸಿಸ್ ರೋಗಿಗಳಲ್ಲಿ ಶೇ 89 ಮಂದಿಗೆ ಬೆನ್ನುಮಣಿಗಳ ಕುಸಿತ ಹೆಚ್ಚಾಗಿತ್ತು. ಬೆನ್ನು ಹಿಂದಕ್ಕೆ ಚಾಚುವ ವ್ಯಾಯಾಮ ಮಾಡಿದವರಲ್ಲಿ ಆ ಪ್ರಮಾಣ ಶೇ 16. ಆದ್ದರಿಂದ ಪಶ್ಚಿಮೋತ್ತಾನಾಸನ, ಹಲಾಸನ, ಕಾಲ್ಬೆರಳು ಮುಟ್ಟುವ ಕಸರತ್ತು, ಮಲಗಿ ಎದ್ದು ಕೂರುವ ಹೊಟ್ಟೆಯ ವ್ಯಾಯಾಮ ಬೇಡವೇ ಬೇಡ. ಸೂರ್ಯನಮಸ್ಕಾರದಲ್ಲೂ ಮುಂದಕ್ಕೆ ಬಾಗುವ ಭಂಗಿಗಳನ್ನು ಬಿಡಿ. ಯೋಗ ತರಗತಿಗೆ ಹೋಗುವವರು ಗುರುಗಳಿಗೆ ನಿಮ್ಮ ವರದಿ ತೋರಿಸಿ. ಹಿಡಿಸೂಡಿಗೆ ಒಂದು ಉದ್ದದ ಕೋಲು ಕಟ್ಟಿಸಿ, ನೆಟ್ಟಗೆ ನಿಂತು ಗುಡಿಸಿ.

ಸರಿಯಾದ ಬಾಗುವಿಕೆ ಬರುವ ತನಕ ಕೈಗೆ ಭಾರ ತೆಗೆದುಕೊಳ್ಳಬಾರದು. ಕಲಿಯುವ ಬಗೆ ಹೀಗೆ. ಗೋಡೆಗೆ ಬೆನ್ನು ಮಾಡಿ, ಒಂದು ಗೇಣು ಮುಂದೆ ನಿಲ್ಲಿ. ಪಾದಗಳು ಸೊಂಟದಗಲ. ಅಡಿಕೆ ಮರದ ಸಲಾಕೆಯೋ ನೆಲ ಒರೆಸುವ ಕೋಲೋ, ನೆಟ್ಟಗಿರುವ ಒಂದನ್ನು ಬೆನ್ನಿನುದ್ದಕ್ಕೆ ಹಿಡಿದುಕೊಳ್ಳಿ: ಒಂದು ಕೈ ಕತ್ತಿನ ಹಿಂದೆ, ಇನ್ನೊಂದು ಸೊಂಟದ ಹಿಂದೆ. ಕೋಲು ತಲೆಯ ಹಿಂಭಾಗ, ಭುಜದೆಲುಬುಗಳ ನಡುವೆ, ಬಾಲದ ಮೂಳೆ, ಹೀಗೆ ಮೂರು ಕಡೆ ತಾಗಿರಬೇಕು. ಈಗ ಮೊಣಕಾಲನ್ನು ತುಸುವೇ ಸಡಿಲಿಸಿ, ಕುಂಡೆಯನ್ನು ಹಿಂದಕ್ಕೆ ತಳ್ಳಿ ಗೋಡೆಗೆ ತಾಗಿಸಿ. ಬಿಜಾಗರಿಯಲ್ಲಿ ಬಾಗಿಲು ಮಡಚಿದ ಹಾಗೆ ಮೈ ತೊಡೆಯ ಸಂದಿನಲ್ಲಿ ಮಡಚಬೇಕು, ಬೆನ್ನು ಬಾಗಿಲಿನ ಹಲಗೆಯಷ್ಟು ನೆಟ್ಟಗೆ. ಮೂರರಲ್ಲಿ ಯಾವ ಕಡೆ ಕೋಲು ಬಿಟ್ಟುಹೋದರೂ ಬೆನ್ನು ಗೂನಾಯಿತೆಂದು ಅರ್ಥ. ಅಲ್ಲೇ ನಿಲ್ಲಿಸಿ, ಮೇಲೆದ್ದು, ಮತ್ತೆ ಶುರು ಮಾಡಿ. ಸೆಳೆತ ಗೊತ್ತಾಗಬೇಕಾದದ್ದು ತೊಡೆಯ ಹಿಂಭಾಗದಲ್ಲಿ. ಕೆಳಬೆನ್ನಿನಲ್ಲಿ ಗೊತ್ತಾದರೆ ತಪ್ಪುತ್ತಿದ್ದೀರಿ. ಹೆಚ್ಚಿನವರು ಇಲ್ಲಿ ಎಡವುವುದು ಮೊಣಕಾಲನ್ನು ಬಹಳ ಮಡಚಿ ಕುಕ್ಕರಗಾಲಿಗೆ ಹೋಗುವುದರಿಂದ, ಅಥವಾ ಎದುರಿಗಿರುವವರನ್ನು ನೋಡಲು ತಲೆ ಎತ್ತುವುದರಿಂದ. ಕಣ್ಣು ಎರಡು ಮೀಟರ್ ದೂರದ ನೆಲದ ಮೇಲಿರಲಿ. ಗೋಡೆಗೆ ಸುಲಭವಾಗಿ ತಾಗುವಂತಾದಾಗ ಇನ್ನೊಂದು ಹೆಜ್ಜೆ ಮುಂದೆ ಬನ್ನಿ. ಎರಡು ವಾರ ದಿನವೂ ಇದನ್ನೇ ಮಾಡಿ. ಬೇಸರ ಬರುತ್ತದೆ, ಆದರೂ ಮಾಡಿ. ಮುಂದಿನದೆಲ್ಲ ನಿಂತಿರುವುದು ಇದರ ಮೇಲೆ.

ಬಳಿಕ ಎರಡು ಗಟ್ಟಿ ಬಟ್ಟೆಯ ಚೀಲ ತೆಗೆದುಕೊಳ್ಳಿ. ಒಂದೊಂದರಲ್ಲಿ ಒಂದು ಲೀಟರಿನ ಎರಡೆರಡು ನೀರಿನ ಬಾಟಲಿ ಇಟ್ಟರೆ ಚೀಲವೊಂದಕ್ಕೆ ಎರಡು ಕಿಲೋ. ಚೀಲಗಳನ್ನು ನೆಲದಲ್ಲಿಡಬೇಡಿ, ಮೊಣಕಾಲೆತ್ತರದ ಸ್ಟೂಲುಗಳ ಮೇಲೆ ನಿಮ್ಮ ಎರಡೂ ಪಕ್ಕಕ್ಕೆ ಇಡಿ. ತೊಡೆಸಂದಿನಲ್ಲಿ ಮಡಚಿ, ಹಿಡಿಕೆ ಹಿಡಿದು, ಹಿಮ್ಮಡಿಯಿಂದ ನೆಲವನ್ನು ಒತ್ತುತ್ತ, ಉಸಿರು ಬಿಡುತ್ತ ಮೇಲೇಳಿ. ಉಸಿರು ಕಟ್ಟಿದರೆ ರಕ್ತದೊತ್ತಡ ಏರುತ್ತದೆ. ಎಂಟು ಸಲ ಎತ್ತಿ ಇಳಿಸಿ, ಎರಡು ನಿಮಿಷ ಕೂತುಕೊಳ್ಳಿ. ಹೀಗೆ ಮೂರು ಸುತ್ತು. ಕೊನೆಯ ಎರಡು ಸಲ ಕಷ್ಟವೆನಿಸಬೇಕು, ಬೆನ್ನು ಮಾತ್ರ ಬದಲಾಗಬಾರದು. ಮೂರು ಸುತ್ತೂ ಸಲೀಸಾದ ವಾರ ಒಂದೊಂದು ಬಾಟಲಿ ಸೇರಿಸಿ. ಇದನ್ನೇ ಯಾರೂ ಮಾಡುವುದಿಲ್ಲ! ಎರಡು ಕಿಲೋದಲ್ಲಿ ಶುರು ಮಾಡಿ ವರ್ಷವಿಡೀ ಎರಡು ಕಿಲೋವನ್ನೇ ಎತ್ತುತ್ತಿರುತ್ತಾರೆ. ಒಗ್ಗಿಹೋದ ಭಾರಕ್ಕೆ ಮೂಳೆ ಪ್ರತಿಕ್ರಿಯಿಸುವುದಿಲ್ಲ. ದಿನಾಂಕ, ಕಿಲೋ, ಎಷ್ಟು ಸಲ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ.

ವಾರಕ್ಕೆ ಎರಡು ದಿನ ಸಾಕು, ನಡುವೆ ಬಿಡುವಿರಲಿ. ಅದೇ ದಿನಗಳಲ್ಲಿ ಐದು ಕಿಲೋ ಅಕ್ಕಿಯ ಚೀಲವನ್ನು ಎದೆಗೆ ಅಪ್ಪಿಕೊಂಡು ಕುರ್ಚಿಯಿಂದ ಏಳುವುದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು, ಕವುಚಿ ಮಲಗಿ ಎದೆಯನ್ನು ನೆಲದಿಂದ ನಾಲ್ಕು ಬೆರಳು ಎತ್ತುವುದು, ಕಿಟಕಿಯ ಸರಳು ಹಿಡಿದು ತುದಿಗಾಲಲ್ಲಿ ಎದ್ದು ಹಿಮ್ಮಡಿಯನ್ನು ಧಪ್ಪೆಂದು ನೆಲಕ್ಕೆ ಬಿಡುವುದು. ಬೆನ್ನುಮಣಿ ಮುರಿದವರು ಕೊನೆಯದನ್ನು ಮಾಡಬಾರದು.

ಆಸ್ಟ್ರೇಲಿಯಾದಲ್ಲಿ ಮೂಳೆ ಸಾಂದ್ರತೆ ಕಡಿಮೆಯಿದ್ದ, ಮುಟ್ಟು ನಿಂತ 101 ಮಹಿಳೆಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವಾರಕ್ಕೆರಡು ದಿನ ಅರ್ಧ ಗಂಟೆ ಭಾರೀ ತೂಕ ಎತ್ತಿದವರ ಕೆಳಬೆನ್ನಿನ ಸಾಂದ್ರತೆ ಎಂಟು ತಿಂಗಳಲ್ಲಿ ಶೇ 2.9 ಹೆಚ್ಚಿತು; ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರದು ಶೇ 1.2 ಇಳಿಯಿತು. ಅವರು ಎತ್ತಿದ್ದು ತಮ್ಮ ಗರಿಷ್ಠ ಸಾಮರ್ಥ್ಯದ ಶೇ 80ಕ್ಕಿಂತ ಹೆಚ್ಚು, ಅದೂ ತರಬೇತುದಾರರ ಕಣ್ಣೆದುರು. ಮನೆಯಲ್ಲಿ ಹತ್ತು ಕಿಲೋ ದಾಟುವ ಹೊತ್ತಿಗೆ ನೀವೂ ಒಬ್ಬ ಫಿಸಿಯೋಥೆರಪಿಸ್ಟ್ ಅಥವಾ ಅನುಭವವಿರುವ ಜಿಮ್ ತರಬೇತುದಾರರ ಬಳಿ ಹೋಗಿ. ಕುಟುಂಬಶ್ರೀ ಸ್ವಸಹಾಯ ಸಂಘದ ಹೆಂಗಸರು ಒಟ್ಟಾಗಿ ಒಬ್ಬ ತರಬೇತುದಾರರನ್ನು ಕರೆಸಿಕೊಂಡರೆ ಖರ್ಚೂ ಹಂಚಿಹೋಗುತ್ತದೆ, ಒಬ್ಬರ ಬೆನ್ನನ್ನು ಇನ್ನೊಬ್ಬರು ನೋಡಿ ತಿದ್ದಲೂ ಆಗುತ್ತದೆ. ಎತ್ತುವಾಗ ಬೆನ್ನಿನಲ್ಲಿ ಚಳುಕು ಹೊಡೆದರೆ ನಿಲ್ಲಿಸಿ. ನೋವು ಎರಡು ದಿನದಲ್ಲಿ ಇಳಿಯದಿದ್ದರೆ ಎಕ್ಸ್‌ರೇ ಮಾಡಿಸಿ.

ಹಂತ 6: ಬೀಳದಿರುವುದು

ಹಲ್ಲುಜ್ಜುವಾಗ ಒಂದು ಕಾಲಲ್ಲಿ ನಿಲ್ಲಿ, ಮೊದಮೊದಲು ಸಿಂಕ್ ಹಿಡಿದುಕೊಂಡು. ಮಳೆಗಾಲಕ್ಕೆ ಮುಂಚೆ ಅಂಗಳದ, ಬಾವಿಕಟ್ಟೆಯ, ಕೆಂಪುಕಲ್ಲಿನ ಮೆಟ್ಟಿಲುಗಳ ಪಾಚಿಯನ್ನು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಿ, ಜುಲೈಯಲ್ಲಿ ಮತ್ತೊಮ್ಮೆ. ತೋಟದ ಸಂಕಕ್ಕೆ (ಕಾಲುಸೇತುವೆಗೆ) ಕೈಹಿಡಿ ಕಟ್ಟಿಸಿ. ಅಟ್ಟೆ ಸವೆದ ಹವಾಯಿ ಚಪ್ಪಲಿಯನ್ನು ಎಸೆಯಿರಿ. ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಬಲ್ಬು ಉರಿಯುತ್ತಿರಲಿ.

ಹಂತ 7: ಮರು ಅಳತೆ

ಹಳೆಯ ಮೂಳೆ ಕರಗಿ ಆ ಜಾಗದಲ್ಲಿ ಹೊಸತು ತುಂಬಲು ತಿಂಗಳುಗಳೇ ಬೇಕು. ಮೂರು ತಿಂಗಳಿಗೆ ಸ್ಕ್ಯಾನ್ ಮಾಡಿಸಿದರೆ ಹಣ ಹಾಳು. ಒಂದರಿಂದ ಎರಡು ವರ್ಷ ಬಿಟ್ಟು, ಮೊದಲು ಮಾಡಿಸಿದ ಯಂತ್ರದಲ್ಲೇ ಮಾಡಿಸಿ. ಬೇರೆ ಯಂತ್ರದ ಅಂಕಿಗಳನ್ನು ಹೋಲಿಸಲು ಬರುವುದಿಲ್ಲ. ಶೇ 3ಕ್ಕಿಂತ ಸಣ್ಣ ಏರಿಳಿತ ಯಂತ್ರದ್ದೇ ಇರಬಹುದು. ಅಂಕಿ ಇದ್ದಲ್ಲೇ ನಿಂತಿದ್ದರೂ ಸಂತೋಷಪಡಿ, ಏಕೆಂದರೆ ಮುಟ್ಟು ನಿಂತ ಬಳಿಕದ ಐದಾರು ವರ್ಷಗಳಲ್ಲಿ ಮೂಳೆ ತಾನಾಗಿಯೇ ವೇಗವಾಗಿ ಇಳಿಯುತ್ತಿರುತ್ತದೆ. ನಿಜವಾಗಿ ಇಳಿದಿದ್ದರೆ, ಅಥವಾ ಈ ನಡುವೆ ಮೂಳೆ ಮುರಿದಿದ್ದರೆ, ಔಷಧಕ್ಕೆ ಹಿಂಜರಿಯಬೇಡಿ. ವೈದ್ಯರ ಬಳಿ ಹೋಗುವಾಗ ಹಳೆಯ ವರದಿಯ ಜತೆಗೆ ಕಿಲೋ ಬರೆದ ಪುಸ್ತಕವನ್ನೂ ಒಯ್ಯಿರಿ. ಭಾರ ಏರಿಸಿದ ಮೇಲೂ ಮೂಳೆ ಇಳಿದಿದೆಯೋ, ಭಾರವನ್ನೇ ಏರಿಸಲಿಲ್ಲವೋ ಎಂಬುದು ಅದರಿಂದ ಅವರಿಗೆ ತಿಳಿಯುತ್ತದೆ.