ಇಂಗ್ಲೆಂಡಿನಲ್ಲಿ ಪಿತ್ತಕೋಶದ ಶಸ್ತ್ರಕ್ರಿಯೆ: ಮರಗಟ್ಟಿಸುವ ಮದ್ದು ಇಳಿದ ಮೇಲಿನ ನೋವು

ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆಯ ಅನೇಕರಿಗೆ ಪಿತ್ತಕೋಶದ ಕಲ್ಲಿನ ಶಸ್ತ್ರಕ್ರಿಯೆಯೆಂದರೆ ತಲಪಾಡಿ ದಾಟಿ ಮಂಗಳೂರಿನ ಆಸ್ಪತ್ರೆಯಲ್ಲಿ ಕೆಲವು ದಿನ ಮಲಗುವುದು, ಮನೆಯವರೊಬ್ಬರು ಬೈಸ್ಟ್ಯಾಂಡರ್ ಆಗಿ ಜೊತೆಗಿರುವುದು. ಇಂಗ್ಲೆಂಡಿನ ಸರಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಕೀಹೋಲ್ (ಚಿಕ್ಕ ರಂಧ್ರಗಳ ಮೂಲಕ ಮಾಡುವ) ಶಸ್ತ್ರಕ್ರಿಯೆಗೆ ಬೆಳಿಗ್ಗೆ ಹೋದವರನ್ನು, ತೊಡಕಿಲ್ಲದಿದ್ದರೆ, ಹೆಚ್ಚಾಗಿ ಅದೇ ಸಂಜೆ ಮನೆಗೆ ಕಳುಹಿಸುತ್ತಾರೆ. ಹೀಗಾಗಿ ನೋವು ನೋಡಿಕೊಳ್ಳುವ ಹೊಣೆಯ ದೊಡ್ಡ ಪಾಲು ರೋಗಿಯ ಮೇಲೆಯೇ ಬೀಳುತ್ತದೆ. ಅದನ್ನು ತಿಳಿಯದೆ ಮೊದಲ ರಾತ್ರಿ ನರಳಿದ ಊರಿನವರನ್ನು ಕಂಡಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಈ ಶಸ್ತ್ರಕ್ರಿಯೆಗೆ ಹೊಟ್ಟೆಯ ಮೇಲೆ ಸಾಮಾನ್ಯವಾಗಿ ಮೂರು ನಾಲ್ಕು ಚಿಕ್ಕ ಗಾಯಗಳನ್ನು ಮಾಡುತ್ತಾರೆ. ರೋಗಿಗೆ ಪೂರ್ಣ ಅರಿವಳಿಕೆ ಇರುವಾಗಲೇ ಆ ಗಾಯಗಳ ಅಂಚಿಗೆ ಬುಪಿವಕೇನ್ ಅಥವಾ ಲೆವೊಬುಪಿವಕೇನ್‌ನಂತಹ ಮರಗಟ್ಟಿಸುವ ಮದ್ದನ್ನು ಚುಚ್ಚುತ್ತಾರೆ. ಕೆಲವು ವೈದ್ಯರು ಅದನ್ನು ಹೊಟ್ಟೆಯೊಳಗೂ ಸಿಂಪಡಿಸುವುದುಂಟು, ಅದರಿಂದ ಸಿಗುವ ಹೆಚ್ಚಿನ ಉಪಶಮನ ಅಲ್ಪವೇ. ಪ್ರಮಾಣವನ್ನು ದೇಹದ ತೂಕ ನೋಡಿ ನಿಶ್ಚಯಿಸುವುದರಿಂದ ಪೂರ್ವತಪಾಸಣೆಯಲ್ಲಿ ತೂಕ ಅಳೆಯುತ್ತಾರೆ. ಹಿಂದೆ ಹಲ್ಲು ಕೀಳಿಸುವಾಗ ಮರಗಟ್ಟಿಸುವ ಇಂಜೆಕ್ಷನ್ನಿನಿಂದ ತೊಂದರೆಯಾಗಿದ್ದರೆ ಆಗಲೇ ಹೇಳಬೇಕು.

ಎಚ್ಚರವಾದಾಗ ಅಷ್ಟೇನೂ ನೋವಿಲ್ಲದಿರುವುದು ಈ ಮದ್ದಿನ ಬಲದಿಂದ. ಕೆಲವು ಗಂಟೆಗಳಲ್ಲಿ ಅದು ಇಳಿಯುತ್ತದೆ, ಆ ಹೊತ್ತಿಗೆ ನೀವು ಮನೆಯಲ್ಲಿರುತ್ತೀರಿ. ಆದುದರಿಂದ ನೋವು ಏರುವವರೆಗೆ ಕಾಯದೆ, ಆಸ್ಪತ್ರೆಯವರು ಬರೆದುಕೊಟ್ಟ ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳಿ. ಪ್ಯಾರಾಸಿಟಮಾಲ್ ಸಾಮಾನ್ಯ ತೂಕದ ವಯಸ್ಕರಿಗೆ 24 ಗಂಟೆಗಳಲ್ಲಿ 4 ಗ್ರಾಂ ಮೀರಬಾರದು. ಕೋ-ಕೊಡಮಾಲ್ ಮಾತ್ರೆಯಲ್ಲಿಯೂ ಹಲವು ಶೀತದ ಮದ್ದುಗಳಲ್ಲಿಯೂ ಅದೇ ಇರುವುದನ್ನು ಮರೆಯದೆ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಅಥವಾ ಉಬ್ಬಸ ಇದ್ದವರು ಕೇಳದೆ ಐಬುಪ್ರೊಫೆನ್ ನುಂಗಬಾರದು. ಕೋ-ಕೊಡಮಾಲ್‌ನಲ್ಲಿರುವ ಇನ್ನೊಂದು ಮದ್ದಾದ ಕೊಡೀನ್ ಮಲಬದ್ಧತೆ ತರುತ್ತದೆ.

ಭುಜದ ತುದಿಯ ನೋವು ನಮ್ಮವರನ್ನು ಹೆಚ್ಚು ಹೆದರಿಸುತ್ತದೆ. ಹೊಟ್ಟೆ ಉಬ್ಬಿಸಲು ತುಂಬಿದ ಇಂಗಾಲದ ಡೈಆಕ್ಸೈಡ್ ಎದೆಗೂ ಹೊಟ್ಟೆಗೂ ನಡುವಿನ ವಪೆಯನ್ನು ಕೆರಳಿಸುವುದರಿಂದ ಅದು ಹುಟ್ಟುತ್ತದೆ. ಗಾಯಕ್ಕೆ ಚುಚ್ಚಿದ ಮದ್ದು ಅಲ್ಲಿಗೆ ತಲುಪುವುದಿಲ್ಲ. ಮೆಲ್ಲಗೆ ನಡೆದಾಡುತ್ತಿದ್ದರೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಇಳಿಯುತ್ತದೆ.

ನರ್ಸ್ ನೋವನ್ನು 0ರಿಂದ 10ರೊಳಗೆ ಅಂಕ ಕೊಟ್ಟು ಹೇಳಲು ಕೇಳುತ್ತಾರೆ. ನಮ್ಮ ಅಮ್ಮಂದಿರು ‘ಪರವಾಗಿಲ್ಲ, ತಡೆದುಕೊಳ್ಳುತ್ತೇನೆ’ ಎನ್ನುತ್ತಾರೆ. ಹಾಗೆಂದರೆ ಬೇಕಾದಷ್ಟು ಮದ್ದು ಸಿಗದೆ ಹೋಗಬಹುದು. ದುಭಾಷಿಯ ಸೇವೆ ರೋಗಿಗೆ ಉಚಿತ. ಪಾಸ್‌ಪೋರ್ಟಿನಲ್ಲಿ ಕೇರಳವೆಂದಿರುವುದರಿಂದ ಮಲಯಾಳದವರನ್ನು ಕರೆಸಿಬಿಡಬಹುದು. ದಿನ ಗೊತ್ತುಪಡಿಸುವಾಗಲೇ ಕನ್ನಡವೆಂದು ಬರೆಸಿ. ಪೂರ್ಣ ಅರಿವಳಿಕೆಯ ಬಳಿಕ 24 ಗಂಟೆ ದೊಡ್ಡವರೊಬ್ಬರು ಜೊತೆಗಿರಬೇಕೆಂಬುದು ಇಲ್ಲಿನ ನಿಯಮ; ಒಂಟಿಯಾಗಿರುವವರು ಗೆಳೆಯರಿಗೆ ಮೊದಲೇ ಹೇಳಿಟ್ಟಿರಲಿ.

ನೋವು ದಿನದಿಂದ ದಿನಕ್ಕೆ ಹೆಚ್ಚಿದರೆ, ಜ್ವರ ಬಂದರೆ, ಕಣ್ಣು ಹಳದಿಯಾದರೆ ಬಿಡುಗಡೆ ಪತ್ರದಲ್ಲಿರುವ ವಾರ್ಡಿನ ಸಂಖ್ಯೆಗೆ ಅಥವಾ ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಕರೆಮಾಡಿ; ಎದೆನೋವು ಅಥವಾ ಉಸಿರುಕಟ್ಟುವಿಕೆಗೆ ತುರ್ತು ಸಂಖ್ಯೆ 999.