ಗ್ರಾಫ್ ನೆಟ್ಟಗಿದೆ, ನಕ್ಷತ್ರ ಮಾತ್ರ ಉದ್ದ!

ದೂರದರ್ಶಕಕ್ಕೆ ಕ್ಯಾಮೆರಾ ಹಾಕಿ ರೋಸೆಟ್ ನೀಹಾರಿಕೆಗೆ 300 ಸೆಕೆಂಡಿನ ಎಕ್ಸ್‌ಪೋಶರ್ ಕೊಟ್ಟರೆ ನಕ್ಷತ್ರಗಳೆಲ್ಲ ಅಕ್ಕಿಕಾಳಿನ ಹಾಗೆ ಉದ್ದುದ್ದ. ದೂರದರ್ಶಕ ನಕ್ಷತ್ರದ ಹಿಂದೆಯೇ ಸಾಗುವಂತೆ ತಿದ್ದುವ (ಗೈಡ್ ಮಾಡುವ) ಪಿಎಚ್‌ಡಿ2 ತಂತ್ರಾಂಶದ ಗ್ರಾಫ್ ಮಾತ್ರ ಚೆನ್ನಾಗೇ ಇತ್ತು. ಇಂಥ ಹೊತ್ತಲ್ಲಿ ಸುಮ್ನೆ ಸೆಟ್ಟಿಂಗ್ ಬದಲಿಸುತ್ತಾ ಕೂತರೆ ರಾತ್ರಿ ಹಾಳು, ಅಷ್ಟೇ.

ಡಿದರಿಂಗ್ (ಫ್ರೇಮುಗಳ ನಡುವೆ ದೂರದರ್ಶಕವನ್ನು ಬೇಕಂತಲೇ ಚೂರು ಸರಿಸುವುದು) ನಿಲ್ಲಿಸಿ, ಮೊದಲ ಫ್ರೇಮನ್ನೂ ಒಂದು ಗಂಟೆ ನಂತರದ ಫ್ರೇಮನ್ನೂ ಅಲೈನ್ ಮಾಡದೆ ಒಂದರ ಮೇಲೊಂದು ಇಟ್ಟು ನೋಡಿದೆ. ನಕ್ಷತ್ರಗಳೆಲ್ಲ ಒಂದೇ ದಿಕ್ಕಿಗೆ ಸರಿದಿದ್ದವು. ಅಂದರೆ ಗೈಡ್‌ಸ್ಕೋಪೇ, ಗೈಡ್ ಕ್ಯಾಮೆರಾ ಹಾಕಿರುವ ಪುಟ್ಟ ದೂರದರ್ಶಕವೇ, ಚೂರುಚೂರೇ ಬಾಗುತ್ತಿದೆ. ಜೊತೆಗೇ ಬಾಗುವ ಗೈಡ್ ಕ್ಯಾಮೆರಾಗೆ ಇದು ಗೊತ್ತೇ ಆಗುವುದಿಲ್ಲ.

ಫೈಂಡರ್ ಶೂ (ಟ್ಯೂಬಿನ ಮೇಲೆ ಪುಟ್ಟ ದೂರದರ್ಶಕ ಕೂರಿಸುವ ಹಿಡಿಕೆ) ಅನ್ನುವುದರ ಒಂಟಿ ಸ್ಕ್ರೂ ಮೇಲೆ ಗೈಡ್‌ಸ್ಕೋಪ್ ಕೂತಿತ್ತು. ಸಾಲದ್ದಕ್ಕೆ ಯುಎಸ್‌ಬಿ ಕೇಬಲ್ ಜೋತುಬಿದ್ದು ಎಳೆಯುತ್ತಿತ್ತು. ಎರಡು ಲೋಹದ ರಿಂಗ್ ಹಾಕಿ ಬಿಗಿದೆ, ಕೇಬಲ್ಲನ್ನು ಟ್ಯೂಬಿಗೇ ಕಟ್ಟಿದೆ. ಈಗ 300 ಸೆಕೆಂಡಿಗೂ ನಕ್ಷತ್ರ ದುಂಡಗೆ ಬರುತ್ತಿದೆ. ನನ್ನದು ಲೆನ್ಸಿನ ದೂರದರ್ಶಕ. ಕನ್ನಡಿಯದಾದರೆ ಮುಖ್ಯ ಕನ್ನಡಿಯೇ ಜಾರಬಹುದು, ಆಗ ಮುಖ್ಯ ದೂರದರ್ಶಕದ ಬೆಳಕಿನಿಂದಲೇ ಗೈಡ್ ಮಾಡುವ ಆಫ್ ಆಕ್ಸಿಸ್ ಗೈಡರ್ ವಾಸಿ.